ಕೆಲಸ ಸಿಕ್ಕವರ ಪಟ್ಟಿ

ದೋಸೆ ಹಿಟ್ಟು ಕಾವಲಿಯ ಮೇಲೆ ಅರ್ಧ ಹರಡಿತ್ತು, ಯಾರೋ ಬಾಗಿಲು ತಟ್ಟಿದರು. ಕೃಷ್ಣವೇಣಿ ಸೌಟು ಹಿಡಿದೇ ಬಂದಳು. ಹಿಂದೆಯೇ ಆರು ವರ್ಷದ ಮಗಳು ತುಂಗಾ.

ಹೊರಗೆ ಮುನಿರಾಮಯ್ಯ. ಅಟ್ಟೂರಿನಿಂದ ನಡೆದೇ ಬಂದಿರಬೇಕು, ಮಂಡಿಯವರೆಗೆ ಧೂಳು. ಹೊಲ ಲೇಔಟ್ ಆದ ಮೇಲೆ, ಎಂಬತ್ತಮೂರರ ಬ್ಯಾಚಿನಲ್ಲಿ, ನಿರುದ್ಯೋಗಿಗಳ ತರಬೇತಿ ಕೇಂದ್ರದಲ್ಲಿ ಅವಳ ಬಳಿಯೇ ವೈರಿಂಗ್ ಕಲಿತವನು.

"ಮೇಡಮ್ನೋರೆ, ಆಫೀಸ್ನೋರು ನನ್ ಎಂಪ್ಲಾಯ್‌ಮೆಂಟ್ ಕಾರ್ಡ್ ರದ್ ಮಾಡವ್ರೆ."

"ಯಾಕೆ?"

"ನಂಗೆ ಕೆಲ್ಸ ಸಿಕ್ಕೈತಂತೆ! ಎಲ್ಲಿ ಸ್ವಾಮಿ ಅಂದೆ. ನಿಮ್ ಸೆಂಟರಿನ ಪಟ್ಟೀಲೈತೆ ಅಂದ್ರು. ಸೋಮವಾರ ಲೈನ್‌ಮನ್ ಎಲ್ಪರ್ ಇಂಟರ್‌ವ್ಯೂ. ಕಾರ್ಡಿಲ್ದೆ ಒಳಕ್ಕೇ ಬಿಡಾಕಿಲ್ವಂತೆ."

ಪಟ್ಟಿ ಬರೆದವಳು ಅವಳೇ. ಕಲಿತವರಿಗೆ ಕೆಲಸ ಸಿಗದಿದ್ದರೆ ಕೇಂದ್ರ ಮುಚ್ಚುವುದಾಗಿ ಸುತ್ತೋಲೆ ಬಂದಿತ್ತು. ಎಲ್ಲರ ಹೆಸರಿನ ಮುಂದೆಯೂ 'ಉದ್ಯೋಗಸ್ಥ' ಎಂದು ದುಂಡಗೆ ಬರೆದಿದ್ದಳು. ಯಾರಿಗೂ ನೋವಾಗದ ಸುಳ್ಳು ಎಂದುಕೊಂಡಿದ್ದಳು.

"ಇವತ್ತು ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಹೇಳ್ತೀನಿ."

"ತೆಪ್ಪಾಗೈತೆ ಅಂತ ಒಂದ್ ಸಾಲು ಬರ್ಸಿಕೊಡಿ ತಾಯಿ. ಸಾಕು."

ಒಳಗೆ ದೋಸೆ ಸೀದಿತ್ತು. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ವರ್ಷವಾದ ಮೇಲೆ ಗಂಡ ಸೇತುರಾಮ ಇಂಥ ವಾಸನೆಗೆಲ್ಲ ಏಳುತ್ತಿರಲಿಲ್ಲ. ಪೇಪರಿನ ಹಿಂದಿನಿಂದ ಕೇಳಿದ.

"ಯಾರೇ ಅದು?"

"ಯಾರೂ ಇಲ್ಲ."

ಶಾಲೆಗೆ ರಜೆ. ಮಗಳನ್ನು ಕೇಂದ್ರಕ್ಕೇ ಕರೆದುಕೊಂಡು ಹೋದಳು. ಯಲಹಂಕದ ಹಳೆಯ ಗೋಡೌನು. ಗೋಡೆಯುದ್ದಕ್ಕೂ ಮರದ ಬೋರ್ಡುಗಳು, ಬೋರ್ಡಿಗೊಬ್ಬ ಗಂಡಸು. ಕೆಲವರ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಮುನಿರಾಮಯ್ಯ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ. ಕಾರ್ಡಿನ ಸುದ್ದಿ ಎಲ್ಲರಿಗೂ ಹರಡಿತ್ತು.

"ಏನ್ ಗುರು, ಕೆಲ್ಸ ಸಿಕ್ತಂತೆ? ಪಾರ್ಟಿ ಎಲ್ಲಿ?" ಈ ಬ್ಯಾಚಿನ ಬೈರಣ್ಣ ಕೂಗಿದ.

"ಸಂಬಳ ಬರ್ಲಿ ತಡಿ ಮಗಾ."

ಎಲ್ಲರೂ ನಕ್ಕರು. ಮುನಿರಾಮಯ್ಯನೂ ನಕ್ಕ. ಅವನು ನಗದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ತುಂಗಾ ಏನೋ ಕೇಳಲು ಬಾಯಿ ತೆರೆದಳು. ತಾಯಿಯ ಮುಖ ನೋಡಿ ಸೆರಗು ಹಿಡಿದುಕೊಂಡಳು.

ಹನ್ನೊಂದಕ್ಕೆ ವೇಣುಗೋಪಾಲ ಸಾಹೇಬರ ಜೀಪು ಬಂತು. ಬೋರ್ಡಿನ ಮುಂದಿದ್ದವರು ಸಾಲಾಗಿ ಸ್ವಿಚ್ಚು ಒತ್ತಿದರು. ಸಾಲಾಗಿ ಬಲ್ಬು ಹೊತ್ತಿತು. ಹಗಲಿನಲ್ಲಿ ಅವು ಏನನ್ನೂ ಬೆಳಗಲಿಲ್ಲ.

"ಹೋದ ಬ್ಯಾಚ್‌ನೋರೆಲ್ಲ ಸೆಟ್ಲ್ ಆಗಿದಾರೆ. ವೆರಿ ಗುಡ್. ಇನ್ನೊಂದ್ ವರ್ಷ ನಡೀಲಿ. ಏನಾದ್ರೂ ಹೇಳೋದಿದ್ಯೇನಮ್ಮಾ?"

ಮುನಿರಾಮಯ್ಯ ಅವಳ ಬಾಯಿಯನ್ನೇ ನೋಡುತ್ತಿದ್ದ. ಒಂದು ಸಾಲು. ಅದರ ಹಿಂದೆಯೇ ಉಳಿದ ಹೆಸರುಗಳು, ಕೇಂದ್ರದ ಬೀಗ, ಪೇಪರಿನ ಹಿಂದೆ ಕೂತ ಸೇತುರಾಮ.

"ವೈರು ಸಾಲ್ತಿಲ್ಲ ಸಾರ್," ಎಂದಳು.

"ಬರ್ಕೊಡಿ, ನೋಡೋಣ."

ಜೀಪಿನ ಧೂಳು ಇಳಿಯಿತು. ಮುನಿರಾಮಯ್ಯ ಬೈಯುತ್ತಾನೆಂದು ಕಾದಳು, ಬೈಯಲಿಲ್ಲ. ಮನೆಗೂ ಹೋಗಲಿಲ್ಲ. ಮಧ್ಯಾಹ್ನದ ತಂಡಕ್ಕೂ ಅದೇ ವೈರು ಬೇಕು, ಅದಕ್ಕೇ ಬೆಳಗಿನವರು ತಾವು ಜೋಡಿಸಿದ್ದನ್ನು ಬಿಚ್ಚಿಡಬೇಕಿತ್ತು. ಅವನೂ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಬೈರಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತ. ಬಲ್ಬುಗಳು ಒಂದೊಂದಾಗಿ ಆರಿದವು. ಬಿಚ್ಚಿದ ವೈರಿನ ಡೊಂಕುಗಳನ್ನು ಅವನು ಹೆಬ್ಬೆರಳಿನಿಂದ ತೀಡಿ ತೀಡಿ ನೆಟ್ಟಗೆ ಮಾಡಿ, ಮೊಣಕೈಗೆ ಸುತ್ತುತ್ತಿದ್ದ. ಒಳ್ಳೆಯ ಕೈ.

ತುಂಗಾ ಅಮ್ಮನ ಸೆರಗು ಬಿಟ್ಟು ಹೋಗಿ ಅವನೆದುರು ನಿಂತಳು.

"ಮಾಮಾ, ನಿಮಗೆ ಸಿಕ್ಕಿರೋ ಕೆಲಸ ಇದೇನಾ?"