ಹಸಿರಿನ ಮೇಲೆ ನಿಂತ ಮುಳ್ಳು

ಶನಿವಾರ ಸಂಜೆ ಐದೂವರೆಗೆ, ನೀರು ಸರಬರಾಜು ನೌಕರರ ಸಂಘದ ಸಭಾಂಗಣದಲ್ಲಿ, ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ತಿರುಗುತ್ತಿದ್ದ ಮುಳ್ಳು ನಿಧಾನವಾಗಿ ಹಸಿರು ಭಾಗದಲ್ಲಿ ನಿಂತಿತು. ಆ ಬಣ್ಣ ಮೀಟರ್ ವಿಭಾಗದ ಗುಮಾಸ್ತನದು. ಕ್ವಾರ್ಟರ್ಸಿನ ನೆಲಮಹಡಿಯಲ್ಲಿ ಖಾಲಿಯಾಗಿದ್ದ ಒಂದೇ ಮನೆಗೆ ಆರು ಮಂದಿ ಅರ್ಜಿ ಹಾಕಿದ್ದರು. ಚಕ್ರದಲ್ಲಿ ಆರು ಬಣ್ಣ. ಸೇವಾ ಹಿರಿತನದ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು. ಚಕ್ರದ ಪ್ರೋಗ್ರಾಂ ಬರೆದವನೂ ಗುಮಾಸ್ತನೇ.

"ಇದು ಟ್ರಯಲ್ ಕಣ್ರಪ್ಪಾ, ಲೆಕ್ಕಕ್ಕಿಲ್ಲ," ಎಂದು ಸಂಘದ ಕಾರ್ಯದರ್ಶಿ ಕೈ ಎತ್ತಿದ.

"ಟ್ರಯಲ್ಲಲ್ಲಿ ಗೆದ್ದೋರು ಮ್ಯಾಚಲ್ಲಿ ಸೋಲ್ತಾರೆ, ಬೇಸಿಕ್ ಮೇಷ್ಟ್ರೇ!" ಎಂದು ಜೀಪಿನ ಡ್ರೈವರ್ ಕೂಗಿದ. ಬಿಡುವಿದ್ದಾಗಲೆಲ್ಲ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಹುಚ್ಚಿನಿಂದ ಗುಮಾಸ್ತನಿಗೆ ಅಂಟಿದ್ದ ಹೆಸರು ಅದು. ಎಲ್ಲರೂ ನಕ್ಕರು. ಗುಮಾಸ್ತನೂ ನಕ್ಕ. ಪ್ರೋಗ್ರಾಂ ನಿಲ್ಲಿಸಿ, ಮತ್ತೆ ಮೊದಲಿನಿಂದ ಓಡಿಸಿದ.

ಮುಳ್ಳು ಸುತ್ತಿತು. ಕೆಂಪು ದಾಟಿತು, ಹಳದಿ ದಾಟಿತು, ಹಸಿರಿನಲ್ಲಿ ನಿಂತಿತು.

ಮೊದಲು ಚಪ್ಪಾಳೆ ತಟ್ಟಿದವನು ಪಂಪ್‌ಹೌಸಿನ ಫಿಟ್ಟರ್. ಅರ್ಜಿ ಹಾಕಿದ್ದವರಲ್ಲಿ ಅವನೂ ಒಬ್ಬ. ಅವನದು ಮೂರನೇ ಮಹಡಿ. ಮಂಡಿ ಸವೆದ ಅವನ ತಾಯಿ ಮೆಟ್ಟಿಲಿಳಿದು ಬೀದಿ ನೋಡಿ ಎರಡು ವರ್ಷವಾಗಿತ್ತು. "ಎರಡು ಸಲಾನೂ ನಿಂಗೇ ಬಂತು ಅಂದ್ರೆ ಅದು ನಿಂದೇ ಕಣೋ," ಎಂದು ಅವನು ಗುಮಾಸ್ತನ ಬೆನ್ನು ತಟ್ಟಿದ. "ಆ ಮುಳ್ಳು ಎಷ್ಟು ಚೆನ್ನಾಗಿ ಓಡ್ತಿತ್ತೋ! ಟೀವಿಲಿ ನೋಡ್ದಂಗಿತ್ತು."

ಹಿಂದಿನ ಸಲ ಚೀಟಿ ಎತ್ತಿದಾಗ, ಗೆದ್ದ ಚೀಟಿಯ ಮಡಿಕೆ ಬೇರೆ ಥರ ಇತ್ತೆಂದು ಜಗಳವಾಗಿತ್ತು. "ಯಂತ್ರಕ್ಕಾದ್ರೆ ನೆಂಟರಿಲ್ಲ ಇಷ್ಟರಿಲ್ಲ," ಎಂದು ಕಾರ್ಯದರ್ಶಿ ಈ ಸಲ ಕೆಲಸವನ್ನು ಗುಮಾಸ್ತನಿಗೆ ವಹಿಸಿದ್ದ. ಅವನೂ ಅರ್ಜಿದಾರನಲ್ಲವೇ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದುದು ಗುಮಾಸ್ತನಿಗೆ ಹೆಮ್ಮೆಯೆನಿಸಿತ್ತು.

ಪ್ರೋಗ್ರಾಂ ಬರೆಯುವುದು ಕಷ್ಟವಾಗಲಿಲ್ಲ. ತೊಂದರೆ ಕೊಟ್ಟದ್ದು ಮುಳ್ಳು. ಮೊದಲ ದಿನ ಹಳೆಯ ಗೆರೆ ಅಳಿಸದೆ ಹೊಸ ಗೆರೆ ಬಿದ್ದು, ಪರದೆಯ ತುಂಬ ಪೊರಕೆ ಹರಡಿದಂತಾಯಿತು. ಕಪ್ಪು ಬಣ್ಣದಿಂದ ಅಳಿಸಹೋದರೆ ಕೆಳಗಿನ ಬಣ್ಣಗಳೂ ಗೀರುಗೀರಾಗಿ ಅಳಿಸಿಹೋದವು. ಗೀರು ಮುಚ್ಚಲು ಮತ್ತೆ ಬಣ್ಣ ತುಂಬಿದರೆ, ಅಂಚಿನಲ್ಲಿ ಚುಕ್ಕೆಯಷ್ಟು ಸಂದಿ ಉಳಿದದ್ದೇ ಸಾಕಾಗಿ, ಕೆಂಪು ಬಣ್ಣ ಸೋರಿ ಇಡೀ ಪರದೆ ಕೆಂಪಾಯಿತು. ಹೆಜ್ಜೆಗೊಮ್ಮೆ ಇಡೀ ಚಕ್ರವನ್ನೇ ಅಳಿಸಿ ಬರೆದಾಗ ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣುಕಿತು.

ಸಭೆಗೆ ಮೊದಲಿನ ಮಂಗಳವಾರ ಸಂಜೆ ಮನೆಯಲ್ಲಿ ಅವನು ಅದರೊಂದಿಗೇ ಗುದ್ದಾಡುತ್ತಿದ್ದಾಗ, ಹೆಂಡತಿ ಒಣಗಿದ ಬಟ್ಟೆ ಮಡಚುತ್ತ ಹಿಂದೆ ಕೂತಿದ್ದಳು.

"ರೀ, ಅದ್ಯಾಕೆ ಪ್ರತಿ ಸಲಾನೂ ಹಸಿರಲ್ಲೇ ನಿಲ್ಲುತ್ತೆ?"

"ಮುಳ್ಳು ನೋಡೇ, ಮಿಣುಕ್ತಿದೆಯಾ?"

"ಮಿಣುಕ್ತಿದೆ. ಆದ್ರೆ ನಿಲ್ಲೋದು ಹಸಿರಲ್ಲೇ. ನಾನು ಆಗಿಂದ ನೋಡ್ತಾನೇ ಇದ್ದೀನಿ."

ಅವನು ಮತ್ತೆ ಓಡಿಸಿದ. ಹಸಿರು. ಇನ್ನೊಮ್ಮೆ. ಹಸಿರು. ಕಾರಣ ಹುಡುಕಬೇಕಾದ್ದೇ ಇರಲಿಲ್ಲ. ಬೇಸಿಕ್ ಕಲಿತ ಹೊಸತರಲ್ಲೇ ಎಲ್ಲರೂ ಎಡವುವ ಜಾಗ ಅದು. ಕಂಪ್ಯೂಟರ್ ಮನಸ್ಸಿಗೆ ಬಂದ ಅಂಕಿಯನ್ನೇನೂ ಆರಿಸುವುದಿಲ್ಲ. ಅದರೊಳಗೆ ಅಂಕಿಗಳ ಒಂದು ಸಾಲಿದೆ; ಪ್ರೋಗ್ರಾಂ ಶುರುವಾದಾಗಲೆಲ್ಲ ಆ ಸಾಲಿನ ಅದೇ ತುದಿಯಿಂದ ಎತ್ತಿಕೊಡುತ್ತದೆ. ಗಡಿಯಾರ ನೋಡಿ ಬೇರೆ ಕಡೆಯಿಂದ ಎತ್ತು ಎಂದು ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದು ಹೇಳಿಬಿಡಬೇಕು. ಅವನು ಆ ಸಾಲನ್ನು ಮರೆತಿದ್ದ.

"ಹಸಿರು ಯಾರದು?" ಎಂದಳು ಹೆಂಡತಿ.

"ನಾಲ್ಕನೆಯವರದು."

ನಾಲ್ಕನೆಯವನು ತಾನೆಂದು ಹೇಳಲಿಲ್ಲ. ಅವಳಿಗೆ ಅದು ಗೊತ್ತಿತ್ತು.

ನಾಳೆ ಸೇರಿಸಿದರಾಯಿತು ಎಂದುಕೊಂಡ. ಬುಧವಾರ ಮುಳ್ಳಿನ ಕೆಲಸವಿತ್ತು. ಪರದೆಯ ಹಿಂದೆ, ಕಣ್ಣಿಗೆ ಕಾಣದ ಇನ್ನೊಂದು ಪುಟದಲ್ಲಿ ಚಕ್ರವನ್ನೂ ಮುಳ್ಳನ್ನೂ ಪೂರ್ತಿ ಬರೆದುಕೊಂಡು, ಆಮೇಲೆ ಆ ಪುಟವನ್ನು ಒಮ್ಮೆಲೇ ಮುಂದೆ ತರುವ ಉಪಾಯ ಹೊಳೆಯಿತು. ಮಿಣುಕು ಮಾಯವಾಯಿತು. ಗುರುವಾರ ಮುಳ್ಳು ನಿಲ್ಲುವ ಮುಂಚೆ ವೇಗ ತಗ್ಗುವಂತೆ ಮಾಡಿದ. ಶುಕ್ರವಾರ ಮುಳ್ಳಿಗೆ ನೆರಳು ಬರೆದ. ನೆರಳು ಯಾರಿಗೂ ಬೇಕಿರಲಿಲ್ಲ. ಆ ಒಂದು ಸಾಲಿನ ಕಡೆ ಹೋಗದೆ ಕೂರಲು ಏನಾದರೊಂದು ಕೆಲಸ ಬೇಕಿತ್ತು. ನೆಲಮಹಡಿಯ ಆ ಮನೆಗೆ ಹಿಂದುಗಡೆ ಒಂದು ಚಿಕ್ಕ ಕೋಣೆಯಿತ್ತು. ಅಲ್ಲಿ ಕಂಪ್ಯೂಟರ್ ಟೇಬಲನ್ನು ಕಿಟಕಿಗೆ ಯಾವ ಕಡೆ ಹಾಕಬೇಕೆಂದು ಅವನು ಆಗಲೇ ಯೋಚಿಸಿದ್ದ.

ಶನಿವಾರ ಸಭೆಯಿಂದ ಬಂದ ಮೇಲೆ ಹೆಂಡತಿ ದೀಪ ಹಾಕಿದಳು, ಕುಡಿಯಲು ನೀರು ಕೊಟ್ಟಳು. ಅಕ್ಕಪಕ್ಕದ ಹೆಂಗಸರು ಅವಳ ಕೈ ಹಿಡಿದು ಸಂತೋಷಪಟ್ಟಿದ್ದನ್ನು ಅವನು ದೂರದಿಂದ ನೋಡಿದ್ದ.

"ಮುಳ್ಳು ಸರಿ ಮಾಡಿದ್ರಲ್ಲ," ಎಂದಳು ಅವಳು. "ಅದನ್ನೂ ಸರಿ ಮಾಡಿರ್ತೀರಿ ಅಂದ್ಕೊಂಡಿದ್ದೆ."

ಅವನು ಲೋಟ ಕೆಳಗಿಟ್ಟ. ಅವಳು ಅಷ್ಟು ಹೇಳಿ ಒಳಗೆ ಹೋದಳು. ಜಗಳ ಮಾಡಿದ್ದರೆ ಅವನಿಗೂ ಎರಡು ಮಾತು ಆಡಲು ಆಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಮೂರನೇ ಮಹಡಿ ಹತ್ತಿದ. ಫಿಟ್ಟರನ ತಾಯಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಬೀನ್ಸ್ ಸೋಸುತ್ತಿದ್ದರು.

"ಬಾರೋ ಮಗಾ, ಮನೆ ಸಿಕ್ತಂತಲ್ಲ! ಒಳ್ಳೇದಾಯ್ತು. ಕೆಳಗೆ ಹೋದೆ ಅಂತ ನಮ್ಮನ್ನ ಮರೀಬೇಡಪ್ಪಾ. ನಾನಂತೂ ಇಳಿದು ಬರೋಳಲ್ಲ, ನೀನೇ ಹತ್ತಿ ಬರ್ಬೇಕು."

"ಬರ್ತೀನಮ್ಮಾ."

"ಮುಖ ಯಾಕೋ ಹಿಂಗಿದೆ? ಹುಷಾರಿಲ್ವಾ?"

ಹುಷಾರಾಗಿದ್ದೇನೆಂದು ಹೇಳಿ ಅವನು ಫಿಟ್ಟರನನ್ನು ಹೊರಗೆ ಕರೆದ. ಮೆಟ್ಟಿಲ ತಿರುವಿನಲ್ಲಿ ನಿಂತು, ಪುಟಗಳ ವಿಷಯದಿಂದ ಶುರುಮಾಡಿ, ಅಂಕಿಗಳ ಸಾಲು, ಗಡಿಯಾರ ಎಂದೆಲ್ಲ ವಿವರಿಸತೊಡಗಿದ. ಫಿಟ್ಟರ್ ಸ್ವಲ್ಪ ಹೊತ್ತು ಕೇಳಿದ.

"ನಂಗೆ ಇದೆಲ್ಲ ತಿಳಿಯಲ್ಲ ಕಣೋ. ಸೀದಾ ಹೇಳು. ಎಷ್ಟು ಸಲ ತಿರುಗಿಸಿದ್ರೂ ನಿಂಗೇ ಬರ್ತಿತ್ತಾ?"

"ಹೂಂ."

"ಬೇಕಂತಾನೇ ಮಾಡಿದ್ದಾ?"

"ಇಲ್ಲ, ಮರೆತಿದ್ದೆ. ಆಣೆ ಮಾಡಿ ಹೇಳ್ತೀನಿ, ಬರೆಯುವಾಗ ಮರೆತೇ ಹೋಗಿತ್ತು."

"ಯಾವತ್ತು ಗೊತ್ತಾಯ್ತು?"

ಗುಮಾಸ್ತ ಕಂಬಿ ಹಿಡಿದುಕೊಂಡ. "ಮಂಗಳವಾರ."

ಫಿಟ್ಟರ್ ಅವನನ್ನು ನೋಡಲಿಲ್ಲ. ಕೆಳಗಿನ ಅಂಗಳದಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಹೊತ್ತಿಕೊಳ್ಳುವವರೆಗೂ ಅದನ್ನೇ ನೋಡುತ್ತ ನಿಂತ.

"ಬುಧವಾರ ನಿನ್ನ ಸೈಕಲ್ ಚೈನ್ ಹಾಕ್ಕೊಟ್ಟೆ," ಎಂದ. "ಅರ್ಧ ಗಂಟೆ ಕೂತಿದ್ವಿ. ಮನೆ ನಂಗೆ ಬಂದ್ರೆ ಅಮ್ಮನ್ನ ಕೆಳಗೆ ಹೆಂಗೆ ಇಳಿಸೋದು ಅಂತ ಮಾತಾಡಿದ್ವಿ. ಕುರ್ಚಿಗೆ ಎರಡು ಕೋಲು ಕಟ್ಟೋಣ, ನೀನೊಂದು ಕಡೆ ನಾನೊಂದು ಕಡೆ ಅಂದೆ. ಹೂಂ ಅಂದೆ ನೀನು."

"ತಪ್ಪಾಯ್ತು ಕಣೋ."

"ನಂಗ್ಯಾಕೆ ಹೇಳ್ತೀಯಾ? ಸಂಘದಲ್ಲಿ ಎಲ್ಲರ ಮುಂದೆ ಹೇಳು." ಒಳಗಿನಿಂದ ತಾಯಿ, ಅವನಿಗೆ ಕಾಫಿ ಕೊಟ್ಟು ಕಳಿಸೋ ಎಂದು ಕೂಗಿದರು. "ಅವನು ಹೊರಟ ಅಮ್ಮಾ," ಎಂದು ಹೇಳಿ ಫಿಟ್ಟರ್ ಬಾಗಿಲು ಹಾಕಿಕೊಂಡ.

ಸೋಮವಾರ ಡ್ಯೂಟಿ ಮುಗಿದ ಮೇಲೆ ಗುಮಾಸ್ತ ಅದೇ ಸಭಾಂಗಣದಲ್ಲಿ ಎದ್ದು ನಿಂತು ಹೇಳಿದ. ಮಂಗಳವಾರದ ವಿಷಯವನ್ನೂ ಬಿಡಲಿಲ್ಲ. ಬೇಸಿಕ್ ಮೇಷ್ಟ್ರೇ ಎಂದು ಯಾರೂ ಕೂಗಲಿಲ್ಲ. "ಕೂತ್ಕೊಳ್ಳಿ," ಎಂದಷ್ಟೇ ಕಾರ್ಯದರ್ಶಿ ಹೇಳಿದ. ಬಹುವಚನದಲ್ಲಿ ಅವನು ಗುಮಾಸ್ತನನ್ನು ಕರೆದದ್ದು ಅದೇ ಮೊದಲು. ಗುಮಾಸ್ತನ ಹೆಸರು ಬಿಟ್ಟು ಐದು ಚೀಟಿ ಬರೆದರು; ಎಲ್ಲವನ್ನೂ ಒಬ್ಬನೇ ಒಂದೇ ಥರ ಮಡಚಿದ. ಕಸ ಗುಡಿಸಲು ಬಂದ ಹೆಂಗಸಿನಿಂದ ಒಂದನ್ನು ಎತ್ತಿಸಿದರು.

ಮನೆ ಸ್ಟೋರ್‌ಕೀಪರನಿಗೆ ಬಂತು. ಒಂಟಿ ಮನುಷ್ಯ, ಎರಡನೇ ಮಹಡಿಯವನು. ಮುಂದಿನ ಭಾನುವಾರ ಅವನ ಕಬ್ಬಿಣದ ಬೀರುವನ್ನು ಇಳಿಸಲು ಫಿಟ್ಟರ್ ಒಂದು ತುದಿ ಹಿಡಿದ. ಸದ್ದು ಕೇಳಿ ಗುಮಾಸ್ತ ಹೊರಗೆ ಬಂದು ಇನ್ನೊಂದು ತುದಿಗೆ ಕೈ ಹಾಕಿದ. ಫಿಟ್ಟರ್ ತನ್ನ ತುದಿಯನ್ನು ನೆಲಕ್ಕಿಟ್ಟು, ಬೀಡಿ ಹಚ್ಚಿ, ಡ್ರೈವರ್ ಬರುವವರೆಗೆ ಕಾದ.