ಉಕ್ಕುಮುಷ್ಟಿಯೂ ಸುಂಟರಗಾಳಿಯೂ ಒಂದೇ ಪುಟದಲ್ಲಿ

ಇಬ್ಬರು ಪ್ರಕಾಶಕರು ಒಬ್ಬರ ಮುಖ ಒಬ್ಬರು ನೋಡದೆ ಎಷ್ಟೋ ಕಾಲವಾಗಿತ್ತು. ವ್ಯಾಪಾರ ಇಬ್ಬರಿಗೂ ಕೈಕೊಟ್ಟಿತು ನೋಡಿ, ಹಳೇ ಜಗಳ ಮೂಲೆಗೆಸೆದು ಕೈಕುಲುಕಿದರು. ಇವರ ಕಾಮಿಕ್ಸಿನ ಉಕ್ಕುಮುಷ್ಟಿ, ಅವರ ಕಾಮಿಕ್ಸಿನ ಸುಂಟರಗಾಳಿ, ಇಬ್ಬರೂ ಒಂದೇ ಪುಸ್ತಕದಲ್ಲಿ ಬರಬೇಕು ಅಂತ ಮಾತಾಯಿತು.

ಆ ವೀರರಿಬ್ಬರೂ ಹುಟ್ಟಿದ್ದು ಒಂದೇ ಮನೆಯ ನೆಲದ ಮೇಲೆ ಅಂತ ಈ ಮಹಾಶಯರಿಗೇನು ಗೊತ್ತು? ಉಕ್ಕುಮುಷ್ಟಿಯ ಚಿತ್ರ ಬರೆಯುವವನು ಪುಟ್ಟ. ತಲೆ ಬೋಳಾದರೂ ಮನೆಯವರಿಗೆ ಅವನು ಪುಟ್ಟನೇ. ಸುಂಟರಗಾಳಿಯನ್ನು ಬರೆಯುವವಳು ಅವನ ಅಕ್ಕ. ಚಿಕ್ಕಂದಿನಲ್ಲಿ ಸೀಮೆಸುಣ್ಣದಲ್ಲಿ ಇವನೊಬ್ಬ ವೀರನನ್ನು ಬರೆದರೆ ಅವಳೊಬ್ಬ ವೀರೆಯನ್ನು ಬರೆದು ಹೊಡೆದಾಟಕ್ಕೆ ಬಿಡುತ್ತಿದ್ದಳು. ಪ್ರತಿ ಸಲವೂ ಪುಟ್ಟ ಸೋತು ಅಳುತ್ತಿದ್ದ. ಆ ಅಳು ನಿಲ್ಲಿಸೋಕೆ ಉಕ್ಕುಮುಷ್ಟಿಗೆ ಕೆಂಪು ಶಾಲು ಹೊದಿಸಿದ್ದೂ ಅಕ್ಕನೇ.

ಈಗಲೂ ಮಹಡಿಯ ಕೋಣೆಯಲ್ಲಿ ಇಬ್ಬರ ಮೇಜುಗಳೂ ಬೆನ್ನಿಗೆ ಬೆನ್ನು ಹಾಕಿಕೊಂಡಿದ್ದವು. ಪ್ರಕಾಶಕರ ಕರಾರು ಕೇಳಿದರೆ ನಗಬೇಕೋ ಅಳಬೇಕೋ. ಯಾರೂ ಗೆಲ್ಲಬಾರದು, ಯಾರೂ ಸೋಲಬಾರದು. ಒಬ್ಬರು ಒಂದು ಏಟು ಕೊಟ್ಟರೆ ಇನ್ನೊಬ್ಬರೂ ಒಂದು ಕೊಡಬೇಕು. ಅವರವರು ಅವರವರ ಪಾತ್ರವನ್ನಷ್ಟೇ ಬರೆದು, ಇನ್ನೊಬ್ಬರಿಗೆ ಜಾಗ ಬಿಟ್ಟು ಪುಟ ದಾಟಿಸಬೇಕು.

ಪುಟ್ಟನಿಗೆ ಇನ್ನೊಂದು ಚಿಂತೆಯಿತ್ತು. "ಈ ಪುಸ್ತಕ ಓಡಲಿಲ್ಲ ಅಂದ್ರೆ ಉಕ್ಕುಮುಷ್ಟಿ ಕಥೆ ಮುಗೀತು. ಆಮೇಲೆ ನೀನು ಸೋಪಿನ ಜಾಹೀರಾತು ಬರೀಬೇಕಾಗುತ್ತೆ" ಅಂತ ಅವನ ಪ್ರಕಾಶಕ ಹೇಳಿದ್ದ. ಇದನ್ನು ಅಕ್ಕನಿಗೆ ಹೇಳಲು ಪುಟ್ಟನಿಗೆ ಬಾಯಿ ಬರಲಿಲ್ಲ. ಅವಳು ಆಡಿಕೊಂಡರೆ ತಡೆದುಕೊಳ್ಳಬಹುದು, ಅಯ್ಯೋ ಪಾಪ ಅಂದುಬಿಟ್ಟರೆ?

ಮಾತು ಕಮ್ಮಿಯಾಯಿತು, ಹಾಗಂತ ಕೀಟಲೆ ಬಿಟ್ಟನೇ? ಮೊದಲ ಪುಟದಲ್ಲೇ ಶಾಲನ್ನು ಅಷ್ಟಗಲ ಹಾರಿಸಿ, ಸುಂಟರಗಾಳಿಗೆ ಮೂಗಿನಷ್ಟೇ ಜಾಗ ಉಳಿಸಿದ. ಪುಟ ತಿರುಗಿ ಬಂದಾಗ ಸುಂಟರಗಾಳಿ ಅದೇ ಶಾಲಿಗೆ ಮೂಗು ಒರೆಸಿಕೊಳ್ಳುತ್ತಿದ್ದಳು. ಮುಂದಿನ ಪುಟದಲ್ಲಿ ಉಕ್ಕುಮುಷ್ಟಿ ಹಲ್ಲು ಕಚ್ಚಿ ಇಡೀ ಬಸ್ಸನ್ನೇ ಎತ್ತಿದ. ಅಕ್ಕ ಸುಂಟರಗಾಳಿಯನ್ನು ಅದೇ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಜಡೆ ಹೆಣೆಸಿದ್ದಳು. ಪುಟ್ಟನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಕೊನೆಯ ಪುಟದಲ್ಲಿ ಖಳನನ್ನು ಹೊಂಡಕ್ಕೆ ಕೆಡವಿ ಇಬ್ಬರೂ ದಡದಲ್ಲಿ ಸಮಸಮವಾಗಿ ನಿಲ್ಲಬೇಕಿತ್ತು. ಅದು ಮೊದಲು ಅಕ್ಕನ ಮೇಜಿಗೆ ಹೋಯಿತು. ತಿರುಗಿ ಬಂದಾಗ ಪುಟ್ಟ ಪುಟವನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಸುಂಟರಗಾಳಿಯೂ ಹೊಂಡದೊಳಗೆ ಬಿದ್ದು ಒಂದು ಕೈ ಮೇಲಕ್ಕೆ ಚಾಚಿದ್ದಳು.

"ಅಕ್ಕ, ನಿನ್ನ ಪ್ರಕಾಶಕರು ಸುಮ್ನಿರ್ತಾರಾ?"

"ಅದು ನನಗೆ ಬಿಡು. ನೀನು ಕೈ ಕೊಡ್ತೀಯೋ ಇಲ್ವೋ ಅಷ್ಟು ಹೇಳು."

ಪುಟ್ಟ ಉಕ್ಕುಮುಷ್ಟಿಯನ್ನು ದಡದಲ್ಲಿ ಮಂಡಿಯೂರಿಸಿ ಆ ಕೈ ಹಿಡಿಸಿದ. ಹುಟ್ಟಿದಾರಭ್ಯ ಮೊದಲ ಸಲ ಗೆದ್ದ ಖುಷಿ. "ಬೆರಳೊಂದು ಸೊಟ್ಟ ಬಂದಿದೆ, ಸರಿ ಮಾಡಿ ನಾನೇ ಪ್ರೆಸ್ಸಿಗೆ ಕೊಡ್ತೀನಿ" ಅಂತ ಅಕ್ಕ ಪುಟ ತೆಗೆದುಕೊಂಡು ಹೋದಳು.

ಪುಸ್ತಕ ಅಚ್ಚಾಗಿ ಬಂತು. ಕೊನೆಯ ಪುಟದ ಕೆಳಮೂಲೆಯಲ್ಲಿ ಪುಟ್ಟ ಬರೆಯದ ಒಂದು ಸಣ್ಣ ಚಿತ್ರವಿತ್ತು. ದಡ ಖಾಲಿ. ಕಲ್ಲಿಗೆ ಸಿಕ್ಕಿಕೊಂಡು ಜೋತಾಡುತ್ತಿದ್ದ ಕೆಂಪು ಶಾಲು ಮಾತ್ರ, ಥೇಟ್ ಪುಟ್ಟನೇ ಬರೆದನೇನೋ ಅನ್ನುವಂತೆ. ಕೈ ಹಿಡಿದವನನ್ನೂ ಆ ಪುಣ್ಯಾತ್ಗಿತ್ತಿ ಒಳಗೆ ಎಳೆದುಕೊಂಡಿದ್ದಳು.

ಪ್ರಕಾಶಕರಿಬ್ಬರೂ ಕೆಂಡಾಮಂಡಲವಾದರು. ಆದರೆ ಅಂಗಡಿಗಳಲ್ಲಿ ಪುಸ್ತಕ ಖಾಲಿಯಾಯಿತು, ಫೋನಿಗೆ ಬಿಡುವಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ಇವರಿಬ್ಬರನ್ನೂ ಮೇಲೆತ್ತುವವರು ಯಾರು? ಎರಡನೇ ಪುಸ್ತಕ ಮಾಡದೆ ವಿಧಿಯಿಲ್ಲ. ಹೊಂಡದಲ್ಲಿರುವ ಉಕ್ಕುಮುಷ್ಟಿಯನ್ನು ಕೈಬಿಟ್ಟರೆ ಓದುಗರು ಸುಮ್ಮನೆ ಬಿಡುತ್ತಾರಾ?

ಪುಟ್ಟ ಅಕ್ಕನ ಮೇಜಿನ ಮುಂದೆ ನಿಂತ. "ಉಕ್ಕುಮುಷ್ಟಿ ನಿಂತುಹೋಗೋ ವಿಷಯ ನಿನಗೆ ಯಾರು ಹೇಳಿದ್ರು?"

"ಯಾಕೆ ಹೇಳ್ಬೇಕು? ಚಿಕ್ಕಂದಿನಿಂದ್ಲೂ ಸೋಲೋ ಹೊತ್ತಲ್ಲಿ ನೀನು ಮಾತು ಬಿಡ್ತೀಯ" ಅಂದಳು ಅಕ್ಕ, ತಲೆಯೆತ್ತದೆ. "ಈ ಸಲ ಮೊದಲ ಪುಟ ನಿಂದು. ತಗೋ."

ಪುಟ್ಟ ಪುಟ ತೆಗೆದುಕೊಂಡ. ಕೂತು, ಹೊಂಡದ ಒಳಗನ್ನೆಲ್ಲ ಕಪ್ಪು ಮಸಿಯಿಂದ ತುಂಬಿದ. ಹಿಡಿದುಕೊಂಡಿದ್ದ ಆ ಎರಡು ಕೈಗಳನ್ನು ಹಾಗೇ ಇಟ್ಟ. ಅಕ್ಕನಿಗೆ ಉಳಿಸಿದ್ದು ಎರಡು ಕಣ್ಣಿನಷ್ಟು ಬಿಳಿ ಜಾಗ. ಮಾಡು ನೋಡೋಣ ಅಂತ ಪುಟ ದಾಟಿಸಿದ.

ಅಕ್ಕ ಒಂದು ಕಣ್ಣನ್ನು ದೊಡ್ಡದಾಗಿ ತೆರೆದು ಬರೆದಳು. ಇನ್ನೊಂದನ್ನು ಮುಚ್ಚಿದಳು. ಕತ್ತಲ ಹೊಂಡದೊಳಗಿಂದ ಸುಂಟರಗಾಳಿ ಪುಟ್ಟನಿಗೇ ಕಣ್ಣು ಹೊಡೆಯುತ್ತಿದ್ದಳು.