ಮೈಕಿನ ಪಕ್ಕದ ಚಪ್ಪಾಳೆ

"ಎರಡು ಟಿಕೆಟ್ಟಿನ ದುಡ್ಡಲ್ಲಿ ಒಂದು ವಾಷಿಂಗ್ ಮೆಷಿನ್ ಬರ್ತಿತ್ತು. ಹೊಸದಲ್ಲ, ಸೆಕೆಂಡ್ ಹ್ಯಾಂಡು. ಆದ್ರೂ ಬಟ್ಟೆ ಒಗೀತಿತ್ತು," ಎಂದಳು ಹೆಂಡತಿ. ಗಂಡನ ಕೋಟನ್ನು ಮಡಿಲಲ್ಲಿ ಹರಡಿಕೊಂಡು, ಕಾಲರಿನ ಅಡಿಗೆ ಕಾಳಿನಷ್ಟು ಚಿಕ್ಕ ಮೈಕುಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು ಹೊಲಿಯುತ್ತಿದ್ದಳು.

"ಆ ಲೆಕ್ಕಕ್ಕೆ ಇಷ್ಟು ವರ್ಷದ ಟಿಕೆಟ್ಟಲ್ಲಿ ಲಾಂಡ್ರಿ ಅಂಗಡೀನೇ ಇಡಬಹುದಿತ್ತು," ಎಂದ ಅವನು. "ಹೊಲಿಗೆ ಬಿಗಿ ಮಾಡು. ಬಟ್ಟೆ ಉಜ್ಜಿದ್ರೆ ಅದೂ ಕೇಳ್ಸುತ್ತೆ."

ಅವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಎತ್ತರದ ಕಟ್ಟಡಗಳ ಕತ್ತಲು ಬಾವಿಯಂಥ ಗುಂಡಿಗಳಲ್ಲಿ ನಿಂತು, ಯಾವ ಗಾಲಿ ಕಿರುಗುಟ್ಟುತ್ತಿದೆ ಎಂದು ಕಿವಿಗೊಡುವ ಕೆಲಸ. ಆದರೆ ಒಂದು ಗುಂಪಿನ ಜನಕ್ಕೆ ಅವನು ಮೆಕ್ಯಾನಿಕ್ ಅಲ್ಲ, ಕಲ್ಲು. ಆ ಹೆಸರು ಬಂದದ್ದು ಒಂದು ಪ್ರೊಗ್ರೆಸಿವ್ ರಾಕ್ ತಂಡದಿಂದ. ಆ ತಂಡದ ಒಂದೊಂದು ಹಾಡೂ ಅರ್ಧ ಗಂಟೆ ಎಳೆಯುತ್ತದೆ. ಎಲ್ಲರ ಹಾಡಿನ ತಾಳವೂ ನಾಲ್ಕರ ಎಣಿಕೆಯಲ್ಲಿ ನಡೆದರೆ ಇವರದು ಏಳರಲ್ಲಿ, ಹನ್ನೊಂದರಲ್ಲಿ. ಕೇಳಿದವರಲ್ಲಿ ಮುಕ್ಕಾಲು ಜನ ಎದ್ದು ಹೋಗುತ್ತಾರೆ; ಉಳಿದವರು ಜನ್ಮದಲ್ಲಿ ಬಿಡುವುದಿಲ್ಲ. ಹಾಗೆ ಉಳಿದವರು ತಂಡವನ್ನು 'ನಮ್ಮೋರು' ಎನ್ನುತ್ತಾರೆ, ಬೀಗರ ಮನೆಯ ಸುದ್ದಿ ಹೇಳಿದಂತೆ.

ವೇದಿಕೆಯ ಮೇಲೆ ನುಡಿಸಿದ್ದನ್ನು ಆ ತಂಡ ಎಂದೂ ಮಾರಲಿಲ್ಲ. ಅಭಿಮಾನಿಗಳೇ ಕದ್ದುಮುಚ್ಚಿ ರೆಕಾರ್ಡ್ ಮಾಡಿ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ದುಡ್ಡು ತಗೊಳ್ಳುವಂತಿಲ್ಲ, ಅದು ಮೊದಲ ಕಟ್ಟಳೆ. ಮೈಕು ಕಟ್ಟಿಕೊಂಡವನು ಚಪ್ಪಾಳೆ ತಟ್ಟುವಂತಿಲ್ಲ, ಕೆಮ್ಮುವಂತಿಲ್ಲ, ಗುನುಗುವಂತಿಲ್ಲ, ಅದು ಎರಡನೆಯದು. ಎಷ್ಟೋ ಜನ ಎರಡನೆಯದರಲ್ಲಿ ಸೋತಿದ್ದರು. ಇವನೊಬ್ಬ ಸೋತಿರಲಿಲ್ಲ. ಸುತ್ತಲಿನವರು ಕುರ್ಚಿ ಬಿಟ್ಟು ಎದ್ದು ಕಿರುಚುವಾಗಲೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕಲ್ಲಿನ ಹಾಗೆ ಕೂತಿರುತ್ತಿದ್ದ. ಎಲ್ಲೆಲ್ಲಿಯೋ ಇರುವ, ಮುಖ ನೋಡದ ಜನ 'ಕಲ್ಲಿನ ರೆಕಾರ್ಡಿಂಗಾ? ಹಾಗಾದ್ರೆ ಕಣ್ಮುಚ್ಚಿಕೊಂಡು ತಗೋ' ಎನ್ನುತ್ತಿದ್ದರು.

ಪ್ರತಿ ಸಲ ಜೊತೆಗಿರುತ್ತಿದ್ದವನು ಕತ್ತರಿ. ಎರಡು ಬೀದಿ ಆಚೆ ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ ಗೆಳೆಯ. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಕಾಫಿ ಕುಡಿಯುತ್ತಾ, ಗಿಟಾರಿನವನು ಎಲ್ಲಿ ಅರ್ಧ ಸ್ವರ ಇಳಿದ, ಡ್ರಮ್ಮಿನವನು ಎಲ್ಲಿ ಆತುರಪಟ್ಟ ಎಂದು ತಪ್ಪು ಹೆಕ್ಕುವುದು ವಾಡಿಕೆ. ಅಷ್ಟು ಪ್ರೀತಿ ಇದ್ದವರಿಗೇ ಅಷ್ಟು ತಪ್ಪು ಕಾಣುತ್ತದೆ.

ಈ ಸಲದ್ದು ತಂಡದ ಕಾರ್ಯಕ್ರಮಗಳ ಕೊನೆಯ ಸುತ್ತು. ಕೀಬೋರ್ಡಿನ ಹಿರಿಯನಿಗೆ ವಯಸ್ಸಾಯಿತು, ಇನ್ನು ಸಾಕು ಎಂದು ಸಾರಿಯಾಗಿತ್ತು. ಆ ಕೊನೆಯ ಸುತ್ತಿನ ಸಂಭ್ರಮಕ್ಕೆ ಕತ್ತರಿ ತನ್ನ ಅಂಗಡಿಯಲ್ಲಿ ತಂಡದ ಹಳೆಯ ಪೋಸ್ಟರ್ ಅಂಟಿಸಲು ಹೋಗಿ, ತಿರುಗುವ ಕುರ್ಚಿಯ ಮೇಲೆ ಹತ್ತಿದ. ಕುರ್ಚಿ ತನ್ನ ಕೆಲಸ ತಾನು ಮಾಡಿತು. ಕಾಲಿನ ಮೂಳೆ ಎರಡು ಕಡೆ ಮುರಿದು, ತೊಡೆತನಕ ಪ್ಲಾಸ್ಟರ್ ಬಿತ್ತು.

"ನನ್ನ ಟಿಕೆಟ್ಟಲ್ಲಿ ಅತ್ತಿಗೇನ ಕರ್ಕೊಂಡು ಹೋಗು," ಎಂದಿದ್ದ ಹಾಸಿಗೆಯಲ್ಲಿ ಮಲಗಿ. "ಆದ್ರೆ ಒಂದು ಮಾತು. ಅವರ ಎಲ್ಲಕ್ಕಿಂತ ಉದ್ದದ ಹಾಡು ಈ ಸಲ ನುಡಿಸೇ ನುಡಿಸ್ತಾರೆ. ಅದು ನಂಗೆ ಚೊಕ್ಕವಾಗಿ ಬೇಕು. ನೀನು ಉಸಿರಾಡಿದ್ದೂ ಕೇಳ್ಬಾರ್ದು. ಇನ್ನೊಂದ್ಸಲ ಸಿಗಲ್ಲ ಕಣೋ ಇದು."

"ಬೇರೆ ಏನು ಕೇಳಿದ್ರೂ ಯೋಚ್ನೆ ಮಾಡ್ತಿದ್ದೆ. ಇದಕ್ಕೇನು," ಎಂದು ಇವನು ಅವನ ಕೈ ಹಿಡಿದು ಮಾತು ಕೊಟ್ಟಿದ್ದ.

ಹೊಲಿಗೆ ಮುಗಿಸಿ ಹೆಂಡತಿ ದಾರ ಕಚ್ಚಿ ಹರಿದಳು. "ನಾನು ಏನ್ ಮಾಡ್ಬೇಕು ಅಂತ ಹೇಳಿಬಿಡಿ."

"ಏನೂ ಮಾಡ್ಬಾರ್ದು. ಮಾತಾಡ್ಬಾರ್ದು, ಚಪ್ಪಾಳೆ ತಟ್ಬಾರ್ದು, ಬ್ಯಾಗ್ ಜಿಪ್ ಎಳೀಬಾರ್ದು."

"ಆಸ್ಪತ್ರೇಲಿ ಟೋಕನ್ ಕೊಡೋಳು ರೀ ನಾನು. ದಿನವಿಡೀ ಜನಕ್ಕೆ ಸುಮ್ನಿರಿ ಸುಮ್ನಿರಿ ಅಂತ ಹೇಳೋಳಿಗೆ ನೀವು ಕಲಿಸ್ತೀರಾ?"

ಮಧ್ಯಾಹ್ನದ ಕಾರ್ಯಕ್ರಮ. ಸಭಾಂಗಣ ಕಿಕ್ಕಿರಿದಿತ್ತು. ಬಂದವರಲ್ಲಿ ಬಹುಪಾಲು ಬೋಳುತಲೆ, ಓದುವ ಕನ್ನಡಕ, ಬಿಗಿಯಾದ ಹಳೆಯ ಟೀಶರ್ಟು. ಒಬ್ಬರನ್ನೊಬ್ಬರು ಮೊಮ್ಮಕ್ಕಳ ಬಗ್ಗೆ ವಿಚಾರಿಸಿಕೊಳ್ಳುತ್ತಿದ್ದರು. "ಇದೇನ್ರೀ, ಪಿಂಚಣಿ ಆಫೀಸಿಗೆ ಬಂದ ಹಾಗಿದೆ," ಎಂದು ಅವಳು ಪಿಸುಗುಟ್ಟಿದಳು. ಅವನು ಜೇಬಿನೊಳಗೆ ಬೆರಳಾಡಿಸಿ ರೆಕಾರ್ಡಿಂಗ್ ಯಂತ್ರದ ಗುಂಡಿ ಒತ್ತಿ, ತುಟಿಯ ಮೇಲೆ ಬೆರಳಿಟ್ಟ. ಅಲ್ಲಿಂದ ಮುಂದೆ ಅವಳು ತುಟಿ ಎರಡು ಮಾಡಲಿಲ್ಲ.

ತಂಡ ಚೆನ್ನಾಗಿ ನುಡಿಸಿತು. ಅವನು ಕೈಗಳನ್ನು ತೊಡೆಯಡಿ ಸೇರಿಸಿ, ಕತ್ತು ಕದಲಿಸದೆ ಕೂತಿದ್ದ. ಅವಳು ಗಂಡನನ್ನೇ ಹೆಚ್ಚು ಹೊತ್ತು ನೋಡಿದಳು. ಇಷ್ಟು ಆಸೆಪಟ್ಟು ಬಂದವನು ಹಲ್ಲು ಕೀಳಿಸಿಕೊಳ್ಳಲು ಕೂತವನ ಹಾಗೆ ಕೂತಿದ್ದಾನಲ್ಲ ಎಂದು ಪಾಪ ಅನಿಸಿತು.

ಕೊನೆಗೆ ಉದ್ದದ ಹಾಡು ಬಂತು. ಅದರ ನಡುವೆ ಎಲ್ಲ ವಾದ್ಯವೂ ಒಮ್ಮೆಲೇ ನಿಲ್ಲುವ ಜಾಗ ಒಂದಿದೆ. ಹೊಸಬರು ಹಾಡು ಮುಗಿಯಿತೆಂದು ಅಲ್ಲಿ ಚಪ್ಪಾಳೆ ಹೊಡೆದು ಮುಖ ಕೆಂಪಾಗಿಸಿಕೊಳ್ಳುತ್ತಾರೆ. ಬಲ್ಲವರು ಉಸಿರು ಬಿಗಿಹಿಡಿಯುತ್ತಾರೆ. ಆ ಮೌನದಿಂದ ಕೀಬೋರ್ಡ್ ಒಂದೇ ಹೊರಬರಬೇಕು, ಏಳರ ಎಣಿಕೆಯಲ್ಲಿ, ಜುಳುಜುಳು ಎಂದು. ಅದರ ಬೆನ್ನಿಗೆ ಮಿಕ್ಕವರು.

ಹಿರಿಯ ಶುರುಮಾಡಿದ. ನಾಲ್ಕು ಸ್ವರ ಬಂದು ಬೆರಳು ತೊಡರಿತು. ನಿಲ್ಲಿಸಿದ. ಮತ್ತೆ ಶುರುಮಾಡಿದ, ಮತ್ತೆ ಅದೇ ಜಾಗದಲ್ಲಿ ತೊಡರಿತು. ಡ್ರಮ್ಮಿನವನು ಕೋಲು ಎತ್ತಿ ಹಿಡಿದವನು ಹಾಗೇ ಇದ್ದ. ಗಿಟಾರಿನವನು ಪಕ್ಕಕ್ಕೆ ತಿರುಗಿ ನೋಡಿ, ಕಣ್ಣು ಕೆಳಗೆ ಮಾಡಿದ. ಸಭೆಯಲ್ಲಿ ಒಬ್ಬರೂ ಸದ್ದು ಮಾಡಲಿಲ್ಲ. ಆ ಸ್ವರಗಳು ಬಾಯಿಪಾಠವಾಗಿದ್ದವರೇ ಎಲ್ಲ. ಕಲ್ಲಿನ ಹೆಂಡತಿಯೊಬ್ಬಳನ್ನು ಬಿಟ್ಟರೆ, ಮುಂದೆ ಏನು ಬರಬೇಕೆಂದು ತಿಳಿಯದವನು ಆ ಇಡೀ ಕಟ್ಟಡದಲ್ಲಿ ಆ ಗಳಿಗೆ ಹಿರಿಯನೊಬ್ಬನೇ.

ಕಲ್ಲಿಗೆ ಮೊದಲು ಹೊಳೆದದ್ದು ತನ್ನ ಮೈಕು. ಇದು ಮೈಕಿನೊಳಗೆ ಬೀಳುತ್ತಿದೆ. ಕೊನೆಯ ಸುತ್ತು, ಉದ್ದದ ಹಾಡು, ಹಿರಿಯನೇ ದಾರಿ ತಪ್ಪಿದ್ದು. ಇದಕ್ಕೆ ಜನ ಮುಗಿಬೀಳುತ್ತಾರೆ. ಆ ಖುಷಿ ಒಂದು ಕ್ಷಣ ಬಂದದ್ದು ನಿಜ. ಅಷ್ಟರಲ್ಲಿ ಹಿರಿಯ ಕೀಬೋರ್ಡಿನಿಂದ ಕೈ ತೆಗೆದು, ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಪರೀಕ್ಷೆಯಲ್ಲಿ ಪ್ರಶ್ನೆ ಗೊತ್ತಾಗದ ಹುಡುಗ ಒರೆಸಿಕೊಳ್ಳುವ ಹಾಗೆ, ಎರಡೂ ಕೈ, ಅಂಗೈ ಹಿಂಗೈ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

ತೊಡೆಯಡಿಯಿಂದ ತನ್ನ ಕೈಗಳು ಯಾವಾಗ ಹೊರಬಂದವೋ ಇವನಿಗೆ ತಿಳಿಯಲಿಲ್ಲ. ಒಂದು ಎರಡು, ಒಂದು ಎರಡು, ಒಂದು ಎರಡು ಮೂರು. ಒಬ್ಬನದೇ ಚಪ್ಪಾಳೆ, ಒಣ ಹಲಗೆಯ ಸದ್ದಿನಂತೆ. ಮುಂದಿನ ಸಾಲಿನ ಬೋಳುತಲೆಗಳು ಹಿಂತಿರುಗಿದವು. ಹೆಂಡತಿ ಗಾಬರಿಯಿಂದ ಅವನ ಕಾಲರ್ ನೋಡಿದಳು, ಮುಖ ನೋಡಿದಳು, ಮಡಿಲಲ್ಲಿದ್ದ ಬ್ಯಾಗನ್ನು ನೆಲಕ್ಕಿಟ್ಟು ತಾನೂ ತಟ್ಟತೊಡಗಿದಳು. ಆಚೆ ಸಾಲಿನವರು ಸೇರಿದರು. ಮೇಲಿನ ಅಂತಸ್ತಿನವರು ಸೇರಿದರು. ಏಳೇಳರಂತೆ ಇಡೀ ಸಭೆ ಎಣಿಸಿತು.

ಹಿರಿಯ ತಲೆ ಎತ್ತಿದ. ಎರಡು ಸುತ್ತು ಸುಮ್ಮನೆ ಕೇಳಿದ. ಮೂರನೆಯ ಸುತ್ತಿಗೆ ಕುರ್ಚಿಯನ್ನು ಮುಂದಕ್ಕೆಳೆದು, ನೀರಿಗೆ ಕಾಲಿಡುವವನಂತೆ ಬೆರಳಿಟ್ಟ. ಈ ಸಲ ತೊಡರಲಿಲ್ಲ. ಡ್ರಮ್ಮು ಬಂತು, ಗಿಟಾರು ಬಂತು. ಜನ ಎದ್ದು ನಿಂತರು. ಇವನೂ ನಿಂತ. ನಿಂತು, ಕಿರುಚಿದ.

ಹೊರಗೆ ಇನ್ನೂ ಬಿಸಿಲಿತ್ತು. ಬಸ್ ಸ್ಟಾಪಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಜಾಗ ಹುಡುಕಿ ಕೇಳಿದವನ ಮುಖ ಇಳಿದುಹೋಯಿತು. ಮೈಕು ಗದ್ದದ ಕೆಳಗೇ ಇತ್ತು. ಕೀಬೋರ್ಡ್ ಎಲ್ಲೋ ದೂರದಲ್ಲಿ. ಉಳಿದದ್ದೆಲ್ಲ ಅವನ ಚಪ್ಪಾಳೆ, ಅವನ ಗಂಟಲು.

"ಏನಂತ ಹೇಳ್ಲಿ ಅವನಿಗೆ?" ಎಂದ.

"ಆಗಿದ್ದು ಹೇಳಿ. ಕಾಲು ಮುರಿದಿದೆ, ಎದ್ದು ಹೊಡೆಯೋಕೆ ಬರಲ್ಲ," ಎಂದಳು ಅವಳು.

ಮರುದಿನ ಬೆಳಗ್ಗೆ ಇಬ್ಬರೂ ಹೋದರು. ಕತ್ತರಿ ಗಡ್ಡ ಬೋಳಿಸಿಕೊಂಡು, ದಿಂಬಿಗೆ ಒರಗಿ ಕಾಯುತ್ತಿದ್ದ. ಇವನು ಬಾಯಿ ತೆರೆಯುವ ಮೊದಲೇ ಯಂತ್ರ ಕಿತ್ತುಕೊಂಡು ಉದ್ದದ ಹಾಡಿಗೇ ಹೋದ. ಕಣ್ಣು ಮುಚ್ಚಿ ಕೇಳಿದ. ಮೌನದ ಜಾಗ ಬಂತೆಂದು ಅವನ ಹುಬ್ಬಿನಿಂದಲೇ ತಿಳಿಯುತ್ತಿತ್ತು. ಆಮೇಲೆ ಹೆಡ್‌ಫೋನನ್ನು ಎಳೆದು ಕುತ್ತಿಗೆಗೆ ಹಾಕಿಕೊಂಡ.

"ಯಾವನೋ ಅದು ಕತ್ತೆ, ನಿನ್ನ ಪಕ್ಕದಲ್ಲೇ ಕೂತು ತಟ್ಟಿದ್ದು? ಒದೀಬಾರ್ದಿತ್ತಾ?"

"ನಾನೇ ಕಣೋ."

ಕತ್ತರಿ ಅವನನ್ನು ನೋಡಿದ. "ನಂಗೆ ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ."

"ಇದನ್ನ ಯಾರಿಗೆ ಕೊಡೋದು? ಯಾರು ಮುಟ್ತಾರೆ?"

"ಯಾರೂ ಮುಟ್ಟಲ್ಲ."

ಅವಳಿಗೆ ತಡೆಯಲಾಗಲಿಲ್ಲ. "ಆ ಕೀಬೋರ್ಡಿನ ಮುದುಕರು ಎದ್ದು ಹೋಗೋದ್ರಲ್ಲಿದ್ರು ಕತ್ತರಿಯವರೇ. ನೀವಿದ್ದಿದ್ರೆ ಏನ್ ಮಾಡ್ತಿದ್ರಿ?"

ಕತ್ತರಿ ಹೆಡ್‌ಫೋನ್ ಮತ್ತೆ ಕಿವಿಗೆ ಏರಿಸಿ, ಹಿಂದಕ್ಕೆ ಓಡಿಸಿ, ಅದೇ ಜಾಗವನ್ನು ಕೇಳಿದ. ಮೂರನೇ ಸಲವೂ ಕೇಳಿದ. ಅವನ ಮೂಗಿನ ತುದಿ ಕೆಂಪಾಯಿತು. ಕೊನೆಗೆ ಒಂದು ಬೆರಳೆತ್ತಿ, "ಇಲ್ಲಿ ಯಾರೋ ಒಂದು ಚಪ್ಪಾಳೆ ಜಾಸ್ತಿ ಹೊಡೆದಿದ್ದಾರೆ," ಎಂದ.

"ಅದು ನಂದು," ಎಂದಳು ಅವಳು.

"ಅನ್ಕೊಂಡೆ ಅತ್ತಿಗೆ."

ಕಲ್ಲು ಅಷ್ಟು ವರ್ಷ ಮಾಡಿದ್ದರಲ್ಲಿ ಹಾಳಾದ ರೆಕಾರ್ಡಿಂಗ್ ಅದೊಂದೇ. ಬೇರೆಲ್ಲೂ ಅದರ ಪ್ರತಿ ಇಲ್ಲ. ಕತ್ತರಿ ಅದನ್ನು ವಾಪಸ್ ಕೊಡಲಿಲ್ಲ.